ಸೆರಿನ್ಯಾಕ್ ಚೀಟಿಯ ಬಲಮೂಲೆ

ಲಿಯೊನಿ ಲಾಶೋಳಿಗೆ ಏಳು ಅಕ್ಷರ ಬಾಕಿ ಇದೆ. ಕೂಲಿಯ ಬಾಕಿಯಲ್ಲ, ಕೂಲಿಯನ್ನು ಅವಳು ಸಂಬಳ ಕೊಡುವ ಕಿಟಕಿಯ ಮುಂದೆ ನಿಂತು ವಸೂಲು ಮಾಡಿಕೊಂಡೇ ಕದಲುತ್ತಿದ್ದವಳು. ಬಾಕಿ ಇರುವುದು ಅವಳ ಮನೆತನದ ಹೆಸರಿನ ಏಳು ರೋಮನ್ ಅಕ್ಷರಗಳು. ಒಂದೊಂದೂ ಸಾಸಿವೆ ಕಾಳಿಗಿಂತ ಚಿಕ್ಕದು. ಅವು ಒಂದು ಅಂಚೆಚೀಟಿಯ ಬಲಗಡೆಯ ಕೆಳಮೂಲೆಯಲ್ಲಿ ಇರಬೇಕಾಗಿತ್ತು. ಇಪ್ಪತ್ತಾರು ವರ್ಷವಾಯಿತು, ಇಲ್ಲ.

ಮೊದಲ ಸಲ ಕಂಡವರಿಗೆ ಅವಳು ಸೊಕ್ಕಿನವಳೆಂದೇ ಅನ್ನಿಸುತ್ತಿತ್ತು, ಏಕೆಂದರೆ ಅವಳು ಯಾರಿಗೂ ಕೈ ಕೊಡುತ್ತಿರಲಿಲ್ಲ. ನಮ್ಮ ಕೊಂಬೆರಾಕ್ ಪಟ್ಟಣದಲ್ಲಿ ಬೆಳಿಗ್ಗೆ ಅಚ್ಚುಕೂಟದ ಬಾಗಿಲು ದಾಟಿದವನು ಎದುರಿಗೆ ಸಿಕ್ಕ ಮೂವತ್ತು ಜನರ ಕೈಯನ್ನೂ ಕುಲುಕಿಯೇ ಗೂಟಕ್ಕೆ ಕೋಟು ನೇತುಹಾಕಬೇಕು. ಕೈಗೆ ಮಸಿ ಮೆತ್ತಿದ್ದರೆ ಮಣಿಕಟ್ಟನ್ನಾದರೂ ಚಾಚಬೇಕು. ಲಿಯೊನಿ ಮೊಳಕೈ ಚಾಚುತ್ತಿದ್ದಳು. ಅಂಗೈ ಶುಭ್ರವಾಗಿದ್ದರೂ ಮೊಳಕೈ. ಪ್ಯಾರಿಸಿನಿಂದ ಬಂದ ಅಂಚೆ ಇಲಾಖೆಯ ಅಧಿಕಾರಿಯೊಬ್ಬ ಒಮ್ಮೆ ಗಲಿಬಿಲಿಗೊಂಡು ಆ ಮೊಳಕೈಯನ್ನೇ ಎರಡೂ ಕೈಗಳಲ್ಲಿ ಹಿಡಿದು ಕುಲುಕಿ, "ಕೈ ನೋವೇನಮ್ಮಾ?" ಎಂದು ಕೇಳಿದ.

"ಇಲ್ಲ. ಕೈ ಕೆಲಸಕ್ಕಿರೋದು. ನಿಮಗೆ ಮೊಳಕೈ ಸಾಕು."

ಆ ಕೈಯನ್ನು ನಾನು ಹತ್ತಿರದಿಂದ ಬಲ್ಲೆ; ಹತ್ತೊಂಬತ್ತು ವರ್ಷ ಅದೇ ಅಚ್ಚುಕೂಟದಲ್ಲಿ ಯಂತ್ರ ನಡೆಸಿದವನು, ಅಲ್ಲಿನ ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿದ್ದವನು. ಅವಳು ಅಂಚೆಚೀಟಿಗಳ ಉಕ್ಕಿನ ಅಚ್ಚು ಕೆತ್ತುವವಳು. ಉಕ್ಕು ಕೆತ್ತುವ ಉಳಿಯ ಹಿಡಿ ಅಣಬೆಯ ಹಾಗಿರುತ್ತದೆ, ಅಂಗೈಯ ಗುಳಿಯಲ್ಲಿ ಕೂರುತ್ತದೆ. ಅವಳ ಅಂಗೈಯಲ್ಲಿ ಅದು ಕೂತೂ ಕೂತೂ ಗೋಲಿಯಷ್ಟು ದಪ್ಪದ ಜಡ್ಡು ಎದ್ದಿತ್ತು. ಇಪ್ಪತ್ತೆರಡು ವರ್ಷ ಎಡಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ್ದರಿಂದ ನಡಿಗೆಯೂ ಎಡಕ್ಕೆ ವಾಲಿತ್ತು, ತುಂಬಿದ ಬಕೆಟ್ಟು ಹಿಡಿದವರ ಹಾಗೆ. ಎದುರಿಗಿದ್ದವನು ಸುಳ್ಳು ಹೇಳುತ್ತಿದ್ದಾನೆಂದು ಅನ್ನಿಸಿದಾಗ ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲೇ ಅವನನ್ನು ನೋಡುತ್ತಿದ್ದಳು. ಸಂಘದ ಸಭೆಗಳಲ್ಲಿ ಆ ಒಂಟಿಕಣ್ಣು ನನ್ನ ಮೇಲೆ ಬಿದ್ದದ್ದು ಒಂದೆರಡು ಸಲವಲ್ಲ.

ಇನ್ನು ಅವಳ ಕೋಟು. ಎಲ್ಲ ಕಾರ್ಮಿಕರೂ ತೊಡುವ ನೀಲಿ ಮೇಲಂಗಿಯೇ, ಆದರೆ ಅವಳು ಅದನ್ನು ಅಚ್ಚುಕೂಟದಲ್ಲಿ ಬಿಚ್ಚಿಡುತ್ತಿರಲಿಲ್ಲ. ಸಂತೆಗೂ ಅದೇ, ಮದುವೆಗೂ ಅದೇ, ಅವಳ ಅಪ್ಪನ ಶವಯಾತ್ರೆಗೂ ಅದೇ. ಪಾದ್ರಿ ಏನೋ ಅಂದರಂತೆ. "ಅಪ್ಪನೂ ಇದನ್ನೇ ಹಾಕ್ಕೊಂಡು ಪೆಟ್ಟಿಗೇಲಿ ಮಲಗಿದಾನೆ, ಅವನಿಗೆ ಹೇಳಿ" ಎಂದಳಂತೆ. ಅಂಚೆಚೀಟಿಯನ್ನು ನಾಲಿಗೆಯಿಂದ ನೆಕ್ಕಿ ಅಂಟಿಸುವುದು ಅವಳಿಂದ ಸಾಧ್ಯವಿರಲಿಲ್ಲ. ಕೊಯ್ದ ಆಲೂಗಡ್ಡೆಗೆ ಒತ್ತಿ ತೇವ ಮಾಡುತ್ತಿದ್ದಳು. ಯಾಕೆಂದು ಕೇಳಿದರೆ, "ದೊಡ್ಡ ಮನುಷ್ಯರ ಮುಂದಿನ ಭಾಗ ಮಾಡೋದು ನನ್ನ ಕೆಲಸ. ಹಿಂದಿನ ಭಾಗ ನೆಕ್ಕೋರು ಬೇರೆ ಇದಾರೆ" ಎನ್ನುತ್ತಿದ್ದಳು, ನಿರ್ದೇಶಕರ ಕೋಣೆಯ ಕಡೆ ಗದ್ದ ತಿರುಗಿಸಿ.

ಮುಂದಿನ ಭಾಗವೆಂದರೂ ಅದು ಪೂರ್ತಿ ನಿಜವಲ್ಲ. ಬೆರ್ತೋಮಿಯೆ ಅಚ್ಚುಕೂಟದಲ್ಲಿ ಷೇರುಪತ್ರ, ಔಷಧಿಯ ಲೇಬಲ್ಲುಗಳ ಜೊತೆಗೆ ವರ್ಷಕ್ಕೆ ಐದಾರು ಅಂಚೆಚೀಟಿಗಳ ಗುತ್ತಿಗೆ ಬರುತ್ತಿತ್ತು, ಮತ್ತು ಆ ಕೆಲಸದಲ್ಲಿ ಯಾರೂ ಬರೆದಿಡದ, ಎಲ್ಲರೂ ಪಾಲಿಸುವ ಒಂದು ಕಟ್ಟಳೆ ಇತ್ತು: ಮುಖ ಗಂಡಸರದು; ತಲೆಗೆ ತೊಡುವ ಕೃತಕ ಕೂದಲಿನ ಟೋಪನ್, ಕಸೂತಿ, ಮೋಡ, ಸಮುದ್ರ, ಅಕ್ಷರ ಹೆಂಗಸರದು. ಚೀಟಿಯ ಚೌಕಟ್ಟಿನ ಕೆಳಗೆ ಎಡಮೂಲೆಯಲ್ಲಿ ಚಿತ್ರ ಬರೆದವನ ಹೆಸರು, ಬಲಮೂಲೆಯಲ್ಲಿ ಕೆತ್ತಿದವನ ಹೆಸರು. ಕೆತ್ತಿದವನೆಂದರೆ ಮುಖ ಕೆತ್ತಿದವನು. ಹಳೆಯ ಕಾಲದ ಮಹಾನುಭಾವರ ಚೀಟಿಯಲ್ಲಿ ಮುಖ ಎಷ್ಟಿರುತ್ತದೆ? ಬಟಾಣಿಯಷ್ಟು. ಉಳಿದದ್ದೆಲ್ಲ ಟೋಪನ್. ಸುರುಳಿ ಸುರುಳಿಯಾಗಿ ಇಳಿಯುವ ಆ ಬೂದಿಬಣ್ಣದ ಕೂದಲಿನ ಕಾಡನ್ನು ಲಿಯೊನಿ ಉಸಿರು ಬಿಗಿಹಿಡಿದು ಎಳೆಎಳೆಯಾಗಿ ಕೆತ್ತುತ್ತಿದ್ದಳು. ಹೆಸರು ಮಾತ್ರ ಮುಖ ಕೆತ್ತುವ ಅನ್ಸೆಲ್ಮ್ ದ್ಯುಪ್ರಾ ಮೇಷ್ಟ್ರದು. ಒಂದು ಮೇ ದಿನದ ಮೆರವಣಿಗೆಯಲ್ಲಿ ಮಳೆ ಹೊಡೆದು ನಮ್ಮ ಬಾವುಟಗಳೆಲ್ಲ ತೊಪ್ಪೆಯಾದಾಗ ಅವಳು ಆಕಾಶ ನೋಡಿ ಹೇಳಿದ್ದಳು: "ಇವು ನನ್ನ ಮೋಡ ಅಲ್ಲಪ್ಪ. ನನ್ನವು ಸೋರಲ್ಲ."

ಅರವತ್ತೆಂಟರ ಮುಷ್ಕರದಲ್ಲಿ ನಾವು ಹದಿಮೂರು ಬೇಡಿಕೆಗಳ ಪಟ್ಟಿ ಮಾಡಿದ್ದೆವು. ಕೆತ್ತಿದವರೆಲ್ಲರ ಹೆಸರೂ ಚೀಟಿಯ ಮೇಲೆ ಬರಬೇಕೆಂಬುದು ಹನ್ನೊಂದನೆಯದು. ಲಿಯೊನಿ ಮೂರು ವಾರ ಗೇಟಿನ ಮುಂದೆ ನಿಂತಳು, ಪೊಲೀಸರ ವ್ಯಾನಿಗೆ ಅಡ್ಡ ಮಲಗಿದಳು. ಮಾತುಕತೆಯ ಮೇಜಿನಲ್ಲಿ ಮೊದಲು ಬಿಟ್ಟುಕೊಟ್ಟದ್ದು ಆ ಹನ್ನೊಂದನೆಯದನ್ನೇ. ಬಿಟ್ಟುಕೊಟ್ಟವನು ನಾನು. ಹೊರಗೆ ಬಂದು, ತೊಳೆಯುವ ಕೋಣೆಗೆ ಬಿಸಿನೀರು ಗೆದ್ದಿದ್ದೇವೆಂದು ನಾನು ಕೂಗಿ ಹೇಳಿದಾಗ ಎಲ್ಲರೂ ಟೋಪಿ ಹಾರಿಸಿದರು. ಅವಳು ಮಾತ್ರ ಬಲಗಣ್ಣು ಮುಚ್ಚಿದಳು.

"ಸಿಕ್ಕಿತಲ್ಲ ಬಿಸಿನೀರು? ಹೋಗಿ ಮುಖ ತೊಳ್ಕೋ, ಕಾರ್ಯದರ್ಶಿ."

ಮೂರು ವರ್ಷದ ನಂತರ ಸೆರಿನ್ಯಾಕ್ ಬಂದ. ಬಾತಿಸ್ತ್ ಸೆರಿನ್ಯಾಕ್, ಇನ್ನೂರು ವರ್ಷದ ಹಿಂದೆ ನಮ್ಮದೇ ಪಟ್ಟಣದಲ್ಲಿ ಹುಟ್ಟಿ ರಾಜಧಾನಿಯಲ್ಲಿ ಹೆಸರು ಮಾಡಿದ ಸಂಗೀತ ರಚನಕಾರ. ಬೀದಿಗೆ ಅವನ ಹೆಸರು, ಶಾಲೆಗೆ ಅವನ ಹೆಸರು, ಒಂದು ಬಗೆಯ ಆಕ್ರೋಟಿನ ಕೇಕಿಗೂ ಅವನ ಹೆಸರು. ಅವನ ಸಂಗೀತವನ್ನು ಮಾತ್ರ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಅವನ ಗೌರವಾರ್ಥ ಚೀಟಿ ಹೊರಡುತ್ತದೆ, ಕೆತ್ತುವುದು ನಾವೇ ಎಂದಾಗ ಊರಿಗೆ ಊರೇ ಎದೆಯುಬ್ಬಿಸಿತು. ಉಳಿದಿದ್ದ ಅವನ ಒಂದೇ ಒಂದು ವರ್ಣಚಿತ್ರ ನಗರಸಭೆಯ ಗೋಡೆಯ ಮೇಲಿತ್ತು: ದೊಡ್ಡ ಟೋಪನ್, ಬಿಗಿದ ತುಟಿ, ಎಡಗೆನ್ನೆಯಲ್ಲಿ ಕಣ್ಣಿನ ಕೆಳಗೊಂದು ಮಚ್ಚೆ. ಊರಿನ ಮಕ್ಕಳೆಲ್ಲ ಆ ಮಚ್ಚೆಯಿಂದಲೇ ಅವನನ್ನು ಗುರುತಿಸುತ್ತಿದ್ದರು.

ಉಕ್ಕಿನಲ್ಲಿ ಕೆತ್ತುವುದನ್ನೆಲ್ಲ ಎಡಬಲ ತಿರುಗಿಸಿ ಕೆತ್ತಬೇಕು, ಕಾಗದದ ಮೇಲೆ ಬಿದ್ದಾಗ ಅದು ನೇರವಾಗುತ್ತದೆ. ಅದಕ್ಕೆಂದೇ ಪ್ರತಿಯೊಬ್ಬ ಕೆತ್ತನೆಗಾರನ ಮೇಜಿನ ಮೇಲೂ ಒಂದು ಕನ್ನಡಿ ಇರುತ್ತದೆ; ಮೂಲಚಿತ್ರವನ್ನು ಅವನು ನೋಡುವುದು ಕನ್ನಡಿಯೊಳಗೇ. ಲಿಯೊನಿ ಟೋಪನ್ ಮುಗಿಸಿ ಕೊಟ್ಟಳು, ದ್ಯುಪ್ರಾ ಮೇಷ್ಟ್ರು ಮುಖ ಮುಗಿಸಿದರು, ಕರಡಚ್ಚು ತೆಗೆಯುವ ರೆಮಿ ಒದ್ದೆ ಕಾಗದವನ್ನಿಟ್ಟು ಕೈಯಂತ್ರ ತಿರುಗಿಸಿದ. ಕಾಗದ ಎತ್ತಿ ನೋಡಿದವನು ಸದ್ದಿಲ್ಲದೆ ಅದನ್ನು ಲಿಯೊನಿಯ ಮೇಜಿಗೆ ತಂದ.

"ಮಚ್ಚೆ ಮನೆ ಬದಲಾಯಿಸಿದೆ ಕಣೇ."

ಮಚ್ಚೆ ಬಲಗೆನ್ನೆಯಲ್ಲಿತ್ತು. ನಲವತ್ತು ವರ್ಷ ಕನ್ನಡಿಯೊಳಗೇ ಬದುಕಿದ ಮನುಷ್ಯ ಯಾವುದೋ ಒಂದು ಮಧ್ಯಾಹ್ನ ಕನ್ನಡಿಯನ್ನು ಬಿಟ್ಟು ನೇರವಾಗಿ ಚಿತ್ರವನ್ನು ನೋಡಿಬಿಟ್ಟಿದ್ದರು. ಮೊದಲ ತಿಂಗಳ ಹೊಸಬರು ಮಾಡುವ ತಪ್ಪು. ಭೂತಗನ್ನಡಿ ಹಿಡಿದು ನೋಡಿದರೆ ಗೆರೆಗಳೂ ನಡುಗಿದ್ದವು. ಸೆರಿನ್ಯಾಕನ ಮುಖ ಚಳಿಜ್ವರ ಬಂದವನ ಹಾಗಿತ್ತು. ಲಿಯೊನಿ ಕರಡನ್ನು ಮೇಷ್ಟ್ರ ಮುಂದಿಟ್ಟಳು. ಅವರು ತುಂಬ ಹೊತ್ತು ನೋಡಿದರು, ನೋಡಿದರೂ ಅವರಿಗೆ ಕಾಣಲಿಲ್ಲವೆಂದು ಅವಳಿಗೆ ತಿಳಿಯಿತು.

"ಕಣ್ಣು ಹೋಯ್ತು ಲಿಯೊನಿ. ಒಂದು ವರ್ಷ ಆಯ್ತು. ಯಾರಿಗೂ ಹೇಳ್ಬೇಡ."

"ಹೇಳಲ್ಲ ಮೇಷ್ಟ್ರೇ. ಏಳಿ, ಕುರ್ಚಿ ಬಿಡಿ."

ಉಕ್ಕಿನಲ್ಲಿ ತಪ್ಪು ತಿದ್ದುವುದೆಂದರೆ ರಬ್ಬರಿನಲ್ಲಿ ಅಳಿಸಿದಂತಲ್ಲ. ಗೆರೆಯನ್ನು ಮೇಲಿನಿಂದ ಹೆರೆಯಬೇಕು; ಹೆರೆದ ಜಾಗ ಗುಳಿಬೀಳುತ್ತದೆ; ಅಚ್ಚನ್ನು ಬೋರಲು ಹಾಕಿ, ಆ ಗುಳಿ ಹಿಂದುಗಡೆ ಎಲ್ಲಿ ಬರುತ್ತದೆಂದು ಅಳೆದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಉಬ್ಬಿಸಬೇಕು; ಉಜ್ಜಿ ನುಣುಪು ಮಾಡಿ ಹೊಸದಾಗಿ ಕೆತ್ತಬೇಕು. ಒಂದು ಕೆನ್ನೆ ಸರಿಯಾದರೆ ಇನ್ನೊಂದು ಕೆನ್ನೆ ಕೆಟ್ಟದಾಗಿ ಕಾಣುತ್ತದೆ, ಎರಡೂ ಸರಿಯಾದರೆ ಹಣೆ. ಮೂರು ವಾರ ಅವಳು ಉತ್ತರದ ಕಿಟಕಿಯ ಹಗಲು ಬೆಳಕಿನಲ್ಲಿ ಕುಳಿತು ಇಡೀ ಮುಖವನ್ನು ಮತ್ತೆ ಕೆತ್ತಿದಳು. ಮೇಷ್ಟ್ರು ಪಕ್ಕದಲ್ಲಿ ಕುಳಿತು ಕೆಲಸ ಮಾಡುವವರಂತೆ ಉಳಿ ಮಸೆಯುತ್ತಿದ್ದರು. ರೆಮಿ ಒಂದು ದಿನ ಕೇಳಿದ: "ಹೆಂಗಿರ್ಬಹುದು ಈತನ ಸಂಗೀತ?"

"ನನಗೇನು ಗೊತ್ತು? ದವಡೆ ವಿಷಯ ಕೇಳು, ಹೇಳ್ತೀನಿ. ಹಲ್ಲು ಕಡೀತಿದ್ದ ನನ್ಮಗ."

ಕೊನೆಯ ಮಧ್ಯಾಹ್ನ ಅವಳು ಬಲಮೂಲೆಯಲ್ಲಿ ತನ್ನ ಹೆಸರು ಕೆತ್ತಿದಳು. ಬಚ್ಚಿಟ್ಟು ಅಲ್ಲ, ಮೇಷ್ಟ್ರು ನೋಡುತ್ತಿದ್ದಂತೆ. ಕಾಣದಿದ್ದರೂ ಉಳಿಯ ಸದ್ದಿನಿಂದಲೇ ಅವರಿಗೆ ತಿಳಿದಿರಬೇಕು.

"ಅಲ್ಲಿ ನನ್ನ ಹೆಸರಿರತ್ತಲ್ವೇ?"

"ಮುಖ ನಿಮ್ಮದಾಗಿದ್ರೆ ಇರ್ತಿತ್ತು ಮೇಷ್ಟ್ರೇ."

ರೆಮಿ ಒಳ್ಳೆಯವನು, ಹೆದರಿದ. "ಯಾಕೆ ತಂಟೆ? ಟೋಪನ್ನಿನ ಸುರುಳಿಯೊಳಗೆ ಎಲ್ಲಾದ್ರೂ ಸೇರಿಸಿಬಿಡು. ಹಿಂದಿನವರೆಲ್ಲ ಹಂಗೇ ಮಾಡ್ತಿದ್ರು, ಯಾವನಿಗೂ ಕಾಣಲ್ಲ."

"ನಾನೇನು ಹೇನೇನೋ, ಟೋಪನ್ನಲ್ಲಿ ಅಡಗಿ ಕೂರೋಕೆ?"

ನಿರ್ದೇಶಕ ವೆಸಿಯೇರ್ ದನಿ ಎತ್ತದ ಮನುಷ್ಯ. ಕನ್ನಡಕ ಒರೆಸುತ್ತಲೇ ಜನರನ್ನು ಮನೆಗೆ ಕಳಿಸಿದ್ದವನು. ಹೊಸ ಕರಡಿನಲ್ಲಿ ಆ ಹೆಸರು ಕಂಡು ಲಿಯೊನಿಯನ್ನೂ ಮೇಷ್ಟ್ರನ್ನೂ ಕರೆಸಿದ. ಸಂಘದ ಪರವಾಗಿ ನಾನೂ ಹೋದೆ.

"ನೋಡಮ್ಮಾ, ಇಲಾಖೆಗೆ ಕಳಿಸಿದ ಕಾಗದದಲ್ಲಿ ದ್ಯುಪ್ರಾ ಅಂತಿದೆ."

"ಕಾಗದ ತಿದ್ದಿ ಸಾಹೇಬ್ರೇ. ಮುಖ ಕೆತ್ತಿದ್ದು ನಾನು."

"ಹೌದಾ ದ್ಯುಪ್ರಾ ಅವರೇ?"

ಮೇಷ್ಟ್ರು ತಮ್ಮ ಬೂಟು ನೋಡಿಕೊಂಡರು. "ಸಹಾಯ ಮಾಡಿದ್ಳು" ಎಂದರು.

ಆಗ ಅವಳು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಮಚ್ಚೆ ಮನೆ ಬದಲಾಯಿಸಿದ ಆ ಕರಡು ರೆಮಿಯ ಖಾನೆಯಲ್ಲಿ ಭದ್ರವಾಗಿತ್ತು. ಅವಳು ಬಲಗಣ್ಣು ಮುಚ್ಚಿ ಮೇಷ್ಟ್ರನ್ನು ನೋಡಿದಳು, ಅಷ್ಟೇ. ಹೊರಗೆ ಬಂದ ಮೇಲೆ ರೆಮಿ ಕೈ ಹಿಸುಕಿಕೊಳ್ಳುತ್ತ ಹೇಳಿದ: "ತೋರಿಸಿಬಿಡ್ಲಾ? ಒಂದೇ ನಿಮಿಷ."

"ಬೇಡ. ಮುದುಕನ ಕಣ್ಣು ಮಾರಿ ನನ್ನ ಹೆಸರು ಕೊಳ್ಳಲ್ಲ. ನನ್ನ ಹೆಸರು ನನ್ನ ಕೆಲಸಕ್ಕೆ ಬರ್ಬೇಕು."

ಮೇಷ್ಟ್ರು ತೀರಿಕೊಂಡು ಒಂಬತ್ತು ವರ್ಷವಾಯಿತು. ಈಗ ಹೇಳುತ್ತಿರುವವನು ನಾನು, ಅವಳಲ್ಲ. ಅವಳು ಇವತ್ತಿಗೂ ಹೇಳಿಲ್ಲ.

ಹೆಸರು ಹೆರೆದು ತೆಗೆಯಬೇಕೆಂದು ವೆಸಿಯೇರ್ ಅವಳಿಗೇ ಹೇಳಿದ. ಅವಳು ಉಳಿಗಳನ್ನೆಲ್ಲ ಚರ್ಮದ ಸುರುಳಿಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, "ನನ್ನ ಕೈ ನನ್ನ ಹೆಸರು ಕೆರೆಯಲ್ಲ" ಎಂದಳು. ಬೇರೆ ಊರಿನಿಂದ ಕೆತ್ತನೆಗಾರನೊಬ್ಬ ಬಂದ. ಹೆರೆದ, ಬೋರಲು ಹಾಕಿದ, ತಟ್ಟಿದ. ಬೇಕಾದ್ದಕ್ಕಿಂತ ಎರಡೇಟು ಜಾಸ್ತಿ ತಟ್ಟಿದ. ಉಕ್ಕಿನ ಆ ಮೂಲೆ ಸತ್ತುಹೋಯಿತು; ಅಲ್ಲಿ ಇನ್ನೊಂದು ಗೆರೆಯೂ ನಿಲ್ಲುವಂತಿರಲಿಲ್ಲ. ಲಾಶೋ ಹೋಯಿತು, ದ್ಯುಪ್ರಾ ಬರಲಿಲ್ಲ. ಅಕ್ಕಿಕಾಳಿನಷ್ಟು ಮಸುಕು ಜಾಗ ಉಳಿಯಿತು. ಬಿಡುಗಡೆಯ ದಿನ ಗೊತ್ತಾಗಿಬಿಟ್ಟಿದ್ದರಿಂದ ಹಾಗೆಯೇ ಮುದ್ರಿಸಿ ಎಂದು ಆಜ್ಞೆಯಾಯಿತು.

ಯಂತ್ರ ನಿಲ್ಲಿಸುವುದು ನಮ್ಮ ಕೈಯಲ್ಲಿತ್ತು. ಊಟದ ಕೋಣೆಯಲ್ಲಿ ಸಭೆ ಸೇರಿದೆವು. ನಿಲ್ಲಿಸಿದರೆ ಗುತ್ತಿಗೆ ಬೇರೆಯವರಿಗೆ ಹೋಗುತ್ತದೆ, ಊರಿನ ಹಬ್ಬ ಕೆಡುತ್ತದೆ, ಒಂದು ಹೆಸರಿಗೋಸ್ಕರ ಇಷ್ಟೆಲ್ಲ ಯಾಕೆ ಎಂದು ಒಬ್ಬೊಬ್ಬರೂ ಎದ್ದು ಹೇಳಿದರು. ಲಿಯೊನಿ ಸೂಪು ಕುಡಿಯುತ್ತಿದ್ದಳು. ಏನಾದರೂ ಹೇಳುತ್ತೀಯಾ ಎಂದು ನಾನು ಕೇಳಿದೆ.

"ನನಗೋಸ್ಕರ ಅಂತ ಏನೂ ಮಾಡ್ಬೇಡಿ. ನಾಳೆ ನಿಮ್ಮ ಕೆಲಸಕ್ಕೆ ಇನ್ನೊಬ್ಬನ ಹೆಸರು ಬಿದ್ರೆ ಸುಮ್ನಿರ್ತೀರಾ? ಇರ್ತೀವಿ ಅನ್ನೋರು ಕೈ ಎತ್ತಿ."

ಮುದ್ರಿಸಬೇಕೆಂದು ಮೂವತ್ತೊಂದು ಕೈ ಎದ್ದವು, ಬೇಡವೆಂದು ಹನ್ನೆರಡು. ಮೂವತ್ತೊಂದರಲ್ಲಿ ಒಂದು ನನ್ನದು. ಅವಳು ನಮ್ಮ ಸೀಮೆಯವರೆಲ್ಲ ಮಾಡುವ ಹಾಗೆ ಸೂಪಿನ ತಳಕ್ಕೆ ಕೆಂಪು ವೈನು ಸುರಿದು, ಬಟ್ಟಲನ್ನು ಎರಡೂ ಕೈಗಳಲ್ಲೆತ್ತಿ ಗಟಗಟನೆ ಕುಡಿದು, ತುಟಿ ಒರೆಸಿಕೊಂಡು ಎದ್ದುಹೋದಳು. ಅಚ್ಚುಕೂಟದಲ್ಲಿ ಅವಳು ಕುಡಿದ ಕಡೆಯ ಸೂಪು ಅದು.

ಚೀಟಿಯ ಮೊದಲ ದಿನ ನಗರಸಭೆಯ ಅಂಗಳದಲ್ಲಿ ವಾದ್ಯಮೇಳ ಸೆರಿನ್ಯಾಕನ ಯಾವುದೋ ರಚನೆಯನ್ನು ನುಡಿಸಿತು. ಸುತ್ತಲಿನ ಊರುಗಳಿಂದ ಚೀಟಿ ಸಂಗ್ರಹಿಸುವವರು ಆಲ್ಬಮ್ಮುಗಳನ್ನು ಎದೆಗವಚಿಕೊಂಡು ಸಾಲುಗಟ್ಟಿದರು. ಒಂದು ಮೇಜಿನಲ್ಲಿ ಅಂಚೆಯವರು ಆ ದಿನದ ವಿಶೇಷ ಮುದ್ರೆ ಒತ್ತುತ್ತಿದ್ದರು. ಪಕ್ಕದ ಮೇಜಿನಲ್ಲಿ ಕೆತ್ತನೆಗಾರನು ಕುಳಿತು ಲಕೋಟೆಗಳ ಮೇಲೆ ಸಹಿ ಹಾಕಿಕೊಡುವುದು ರೂಢಿ. ದ್ಯುಪ್ರಾ ಮೇಷ್ಟ್ರು ಕುಳಿತಿದ್ದರು. ದಪ್ಪ ಮೀಸೆಯ ಸಂಗ್ರಾಹಕನೊಬ್ಬ ಭೂತಗನ್ನಡಿಯಲ್ಲಿ ಚೀಟಿ ನೋಡುತ್ತ, "ಈ ಬಲಮೂಲೆಯಲ್ಲಿ ಏನೋ ಅಳಿಸಿದ ಹಾಗಿದೆಯಲ್ಲ ಮೇಷ್ಟ್ರೇ, ಏನದು?" ಎಂದ.

ಮೇಷ್ಟ್ರ ಲೇಖನಿ ನಿಂತಿತು. ಸಾಲಿನ ನಡುವಿನಿಂದ ಉತ್ತರ ಬಂತು.

"ಅದು ನಾನು."

ನೀಲಿ ಕೋಟಿನಲ್ಲಿ, ಎಡಕ್ಕೆ ವಾಲಿಕೊಂಡು, ಸಾಲಿನಲ್ಲಿ ತನ್ನ ಸರದಿ ಬರುವವರೆಗೂ ನಿಂತೇ ಬಂದಳು. ಎಲ್ಲರ ಹಾಗೆ ಕಾಸು ಕೊಟ್ಟು ಒಂದು ಚೀಟಿ ಕೊಂಡಳು. ಮೇಷ್ಟ್ರ ಮೇಜಿಗೆ ಬಂದು ಕೈ ಚಾಚಿದಳು, ಮೊಳಕೈಯಲ್ಲ. "ಪೆನ್ನು ಕೊಡಿ."

ಅವರು ಕೊಟ್ಟರು. ಭೂತಗನ್ನಡಿ ಇಲ್ಲದೆ, ಉಸಿರು ಬಿಗಿಹಿಡಿದು, ಆ ಅಕ್ಕಿಕಾಳಿನಷ್ಟು ಜಾಗದಲ್ಲಿ ಏಳು ಅಕ್ಷರ ಬರೆದಳು. ಬರೆದ ಚೀಟಿಯನ್ನೆತ್ತಿ ಹಿಡಿದು ಸಾಲಿನ ಕಡೆ ತಿರುಗಿದಳು.

"ಇನ್ಯಾರಿಗೆ ಬೇಕು? ಕೊಡಿ, ಬರ್ಕೊಡ್ತೀನಿ."

ಶಾಯಿ ತಾಗಿದ ಚೀಟಿಗೆ ಸಂಗ್ರಾಹಕರ ಲೋಕದಲ್ಲಿ ಮೂರುಕಾಸಿನ ಬೆಲೆಯಿಲ್ಲ. ಆಲ್ಬಮ್ಮುಗಳು ಪಟಪಟನೆ ಮುಚ್ಚಿಕೊಂಡವು. ಮೀಸೆಯವನು ತನ್ನದನ್ನು ಬೆನ್ನ ಹಿಂದೆ ಬಚ್ಚಿಟ್ಟ. "ಅಯ್ಯೋ ಬೇಡಮ್ಮಾ, ಹಾಳಾಗ್ಬಿಡತ್ತೆ!"

"ಹಾಳಾಗಿದ್ದು ಆಗ್ಲೇ ಕಣಯ್ಯ. ನಾನು ರಿಪೇರಿ ಮಾಡ್ತಿದೀನಿ."

ಯಾರೂ ಕೊಡಲಿಲ್ಲ. ನಾನೂ ಅಲ್ಲಿದ್ದೆ, ನನ್ನ ಜೇಬಿನಲ್ಲೂ ಒಂದು ಹಾಳೆ ಚೀಟಿ ಇತ್ತು, ಮಗಳಿಗೆಂದು ಕೊಂಡದ್ದು. ನಾನೂ ಕೊಡಲಿಲ್ಲ. ಅವಳು ಸ್ವಲ್ಪ ಹೊತ್ತು ವಾದ್ಯ ಕೇಳುತ್ತ ನಿಂತಳು. ರೆಮಿ ಪಕ್ಕಕ್ಕೆ ಹೋಗಿ ಹೇಗಿದೆ ಎಂದು ಕೇಳಿದ. "ಪರ್ವಾಗಿಲ್ಲ. ದವಡೆಗೆ ಹೊಂದತ್ತೆ" ಎಂದಳು.

ಆಮೇಲೆ ಅವಳು ಚಾಕು ಮಾಡುವವರ ಬೀದಿಯಲ್ಲಿ ಒಂದು ಮೇಜು ಹಾಕಿಕೊಂಡು ಹಿಡಿಗಳ ಮೇಲೆ ಕೆತ್ತನೆ ಮಾಡತೊಡಗಿದಳು, ಈಗಲೂ ಮಾಡುತ್ತಾಳೆ. ಪ್ರತಿ ಸೋಮವಾರ ವೆಸಿಯೇರನಿಗೊಂದು ಪತ್ರ. ಸೆರಿನ್ಯಾಕ್ ಚೀಟಿ, ಮೂಲೆಯಲ್ಲಿ ಅವಳ ಕೈಬರಹದ ಹೆಸರು. ಚೀಟಿಯ ಮೇಲೆ ಬರೆದಿದ್ದರೆ ಅದು ಅಮಾನ್ಯ. ದಂಡ ಕಟ್ಟಿಯೇ ಪತ್ರ ಬಿಡಿಸಿಕೊಳ್ಳಬೇಕು. ವೆಸಿಯೇರ್ ಒಂದನ್ನೂ ಬಿಡಿಸಿಕೊಳ್ಳಲಿಲ್ಲ. ಎಲ್ಲ ವಾಪಸು ಬಂದವು, ಹನ್ನೆರಡು ವರ್ಷ, ಅವನು ನಿವೃತ್ತನಾಗುವವರೆಗೆ. ಪತ್ರದೊಳಗೆ ಏನು ಬರೆಯುತ್ತಿದ್ದೆ ಎಂದು ಒಮ್ಮೆ ಕೇಳಿದೆ. "ಏನೂ ಇಲ್ಲ. ಬರೀ ಹಾಳೆ. ಓದ್ಲಿ ಅಂತ ಅಲ್ಲ, ಮೇಲಿನದು ನೋಡ್ಲಿ ಅಂತ." ಚೀಟಿಗಳ ಪಟ್ಟಿಪುಸ್ತಕಗಳು ವರ್ಷ ವರ್ಷ ಹೊಸದಾಗಿ ಬರುತ್ತವೆ. ಅದರಲ್ಲಿ ಇವತ್ತಿಗೂ: ಸೆರಿನ್ಯಾಕ್, ಕೆತ್ತನೆ ದ್ಯುಪ್ರಾ, ಬಲಮೂಲೆಯಲ್ಲಿ ಮುದ್ರಣದೋಷ.

ಮುದ್ರಣದೋಷವಂತೆ.

ಇಂಥವರನ್ನು ಲೋಕ ಜಗಳಗಂಟರೆನ್ನುತ್ತದೆ. ಅವರು ಸತ್ತ ಮೇಲೆ ಧೀರರೆನ್ನುತ್ತದೆ. ಎರಡೂ ಮೈಗಳ್ಳತನದ ಮಾತು. ಕೀರ್ತಿ ಬೇಕಾದವರು ಇಷ್ಟು ಚಿಕ್ಕ ಜಾಗ ಕೇಳುವುದಿಲ್ಲ. ಮಾಡಿದ ಕೆಲಸದ ಪಕ್ಕದಲ್ಲಿ ಮಾಡಿದವರ ಹೆಸರು, ಅಷ್ಟೇ ಅವರ ಹಟ. ಅದಕ್ಕಿಂತ ಒಂದು ಕೂದಲು ಹೆಚ್ಚು ಕೊಟ್ಟರೂ ತೆಗೆದುಕೊಳ್ಳರು, ಕಡಿಮೆ ಕೊಟ್ಟರೆ ಬಿಡರು. ಚಳವಳಿಗಳಿಗೂ ಇವರು ಇರುಸುಮುರುಸು, ಏಕೆಂದರೆ ಚಳವಳಿಗೆ ಗುಂಪು ಬೇಕು, ಗೆದ್ದೆವೆಂದು ಹೇಳಿಕೊಳ್ಳಲು ಒಂದಿಷ್ಟು ಬಿಸಿನೀರು ಬೇಕು. ಹನ್ನೊಂದನೆಯ ಬೇಡಿಕೆಯನ್ನು ಹಿಡಿದು ಕೊನೆಯವರೆಗೂ ಗೇಟಿನಲ್ಲಿ ನಿಲ್ಲುವವರನ್ನು ನಾವು ಮುಷ್ಕರ ಮುರಿಯುವವರಿಗಿಂತ ಹೆಚ್ಚು ದ್ವೇಷಿಸಿದ್ದೇವೆ. ನನಗೆ ಗೊತ್ತು; ನಾನೇ ದ್ವೇಷಿಸಿದ್ದೇನೆ.

ಕಳೆದ ವಾರ ಮಗಳ ಹಳೆಯ ಆಲ್ಬಮ್ ತೆಗೆದು ಆ ಇಡೀ ಹಾಳೆಗೆ ನಾನು ಅವಳ ಹೆಸರು ಬರೆದೆ, ಒಂದೊಂದು ಚೀಟಿಯ ಮೇಲೂ. ಕೆಲವು ಅಕ್ಷರ ಚೌಕಟ್ಟು ದಾಟಿವೆ. ಚೀಟಿಗಳು ಊರೂರು ಅಲೆಯುತ್ತವೆ, ಮಕ್ಕಳು ಒಂದಕ್ಕೊಂದು ಬದಲಾಯಿಸಿಕೊಳ್ಳುತ್ತಾರೆ. ನಿಮ್ಮ ಮನೆಯಲ್ಲೂ ಒಂದು ಇದ್ದೀತು. ದೊಡ್ಡ ಟೋಪನ್, ಬಿಗಿದ ದವಡೆ, ಎಡಗೆನ್ನೆಯಲ್ಲಿ ಮಚ್ಚೆ. ಹುಡುಕಿ. ಪೆನ್ಸಿಲ್ ಬೇಡ, ಶಾಯಿ ತೆಗೆದುಕೊಳ್ಳಿ. ನಿಮಗೆ ಬರುವ ಲಿಪಿಯಲ್ಲೇ ಬಲಮೂಲೆಯಲ್ಲಿ ಲಾಶೋ ಎಂದು ಬರೆಯಿರಿ. ಚೀಟಿ ಹಾಳಾಗುತ್ತದೆ. ಹಾಳು ಮಾಡಿ.